ಫರಂಗೀಸಳ ಮೂಗು, ಒಂದು ಸೀನು

ತೆಹ್ರಾನ್
ಮೆಹರ್ ತಿಂಗಳು ೯, ೧೩೭೮

ಪ್ರೀತಿಯ ಬಾಬಾ,

ಫೋನಿನಲ್ಲಿ ಹೇಳಲಾಗದ ಸಂಗತಿ, ಅದಕ್ಕೇ ಕಾಗದ. ಬತೂಲ್ ಅತ್ತೆಯ ಫೋನು ಹಜಾರದ ನಟ್ಟನಡುವೆ ಇದೆ. ಅದರಲ್ಲಿ ನಾನು ಏನು ಹೇಳಿದರೂ ನಿಮಗೆ ಕೇಳಿಸುವ ಮೊದಲು ಮೂರನೇ ಮಹಡಿಗೆ ಕೇಳಿಸುತ್ತದೆ. ನಿಮ್ಮ ತಂಗಿಯ ಮೇಲೆ ದೂರಲ್ಲ, ವರದಿ ಅಷ್ಟೆ.

ಆಪರೇಷನ್ ಮಾಡಿಸಿ ಮೂಗು ಚಿಕ್ಕದು ಮಾಡಿಸಿಕೊಳ್ಳುತ್ತೇನೆಂದು ಬೇಸಿಗೆಯಲ್ಲಿ ಹೇಳಿದ್ದೆನಲ್ಲ, ನೀವು ನಕ್ಕಿದ್ದಿರಿ. ನಾನು ನಗುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ದಿನವಿಡೀ ಎದುರಿಗಿರುವುದು ಎರಡೇ, ಕನ್ನಡಿ ಮತ್ತು ಮೂಗು. ಮೊನ್ನೆ ಒಬ್ಬ ಹೆಂಗಸು ಫ್ರೇಮು ಆರಿಸುತ್ತಾ, "ನಿಮಗೇನು ಖಾನಂ, ನಿಮ್ಮ ಮೂಗಿನ ಮೇಲೆ ಯಾವ ಕನ್ನಡಕ ಇಟ್ರೂ ಬೀಳಲ್ಲ, ಕಪಾಟು ಇದ್ದ ಹಾಗಿದೆ" ಅಂದಳು. ಹೊಗಳಿದೆನೆಂದೇ ಅವಳು ತಿಳಿದಿದ್ದಾಳೆ. ನಾನೂ "ನಿಮ್ಮ ಕಣ್ಣು ಚೆನ್ನ, ಅದಕ್ಕೇ ಚೆನ್ನಾಗಿ ಕಾಣತ್ತೆ" ಎಂದು ಉಪಚಾರ ಹೇಳಿ ಕಳಿಸಿದೆ.

ತಲೆವಸ್ತ್ರದಿಂದ ಹೊರಗೆ ಉಳಿಯುವುದು ಇಷ್ಟೇ ಇಷ್ಟು ಮುಖ. ಅದರಲ್ಲಿ ಮುಕ್ಕಾಲು ನಿಮ್ಮ ಮೂಗು.

ಮೊದಲು ಹೋದ ಡಾಕ್ಟರ್ ಗೋಡೆ ತುಂಬ ಮೂಗುಗಳ ಚಿತ್ರ ಅಂಟಿಸಿಕೊಂಡಿದ್ದರು. ಹದಿನೈದನೇ ವಯಸ್ಸಿನಲ್ಲಿ ಭುಜ ಜಾರಿದ್ದು, ಶಿರಾಜಿನ ಡಾಕ್ಟರ್ ಕಾಯಿಲೆಗೆ ಹೆಸರಿಟ್ಟದ್ದು, ಎಲ್ಲವನ್ನೂ ಅವರಿಗೆ ಹೇಳಿದೆ. ಎಹ್ಲರ್ಸ್-ಡ್ಯಾನ್ಲಾಸ್ ಅಂದೆ. ಮೈಯೊಳಗಿನದನ್ನೆಲ್ಲ ಒಂದಕ್ಕೊಂದು ಹಿಡಿದಿಡುವ ಅಂಟೇ ಸಡಿಲವಾಗಿರುವ ಕಾಯಿಲೆ, ಅದಕ್ಕೆ ಇಬ್ಬರು ಡಾಕ್ಟರರನ್ನು ಜೋಡಿಸಿ ಹೆಸರು. ಅವರು ಕೈಲಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. "ನಿಮ್ಮ ಚರ್ಮ ಹೊಲಿಗೆ ಹಿಡಿಯಲ್ಲ, ರಕ್ತ ನಿಲ್ಲಲ್ಲ. ನನ್ನ ಕೈಲಾಗಲ್ಲ" ಎಂದರು. ಪೆನ್ನಿನ ಮುಚ್ಚಳದ ಟಕ್ ಶಬ್ದ ಇನ್ನೂ ಕಿವಿಯಲ್ಲಿದೆ.

ಎರಡನೆಯವರು ಡಾಕ್ಟರ್ ವಸೂಕ್. ವಯಸ್ಸಾದವರು, ಮೆಲುದನಿ. ನಾನು ಒಳಗೆ ಹೋದಾಗ ಎದ್ದು ನಿಂತರು. ನನಗಿಂತ ಮೂವತ್ತು ವರ್ಷ ದೊಡ್ಡವರು ಎದ್ದು ನಿಂತರೆ ಏನು ಮಾಡುವುದು, ಬಾಬಾ? ನೀವು ಕೂರಿ, ಇಲ್ಲ ನೀವು ಕೂರಿ ಎಂದು ಇಬ್ಬರೂ ಬಹಳ ಹೊತ್ತು ನಿಂತೇ ಇದ್ದೆವು. ಕೊನೆಗೆ ಕೂತಾಗ, "ಆರೋಗ್ಯ ಹೇಗಿದೆ? ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದರು. ಬಾಯಿ ತಾನಾಗಿಯೇ ತೆರೆಯಿತು. "ಏನಿಲ್ಲ ಡಾಕ್ಟರ್, ನಿಮ್ಮ ನೆರಳಿನಲ್ಲಿ ಚೆನ್ನಾಗಿದ್ದೀನಿ."

ಅವರು 'ಆರೋಗ್ಯವಂತೆ' ಎಂದು ಬರೆದುಕೊಂಡರು.

ಅದು ಉಪಚಾರದ ಮಾತು, ಉತ್ತರವಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಶಸ್ತ್ರಚಿಕಿತ್ಸೆ ಆಬಾನ್ ತಿಂಗಳ ಹದಿನೆಂಟಕ್ಕೆ.

ನಿಮ್ಮ ಫರಿ


ಯಜ್ದ್
ಮೆಹರ್ ೨೦

ಫರಿ ಜಾನ್,

ನನ್ನ ಮೂಗಿಗೆ ನೀನು ಬೇಸತ್ತಿರುವುದು ತಿಳಿದು ಮೂಗಿಗೂ ನನಗೂ ದುಃಖವಾಯಿತು. ಮೂಗಿಗೆ ತುಸು ಹೆಚ್ಚು, ಅದರ ಅಳತೆಯೇ ಹಾಗೆ. ನಿನ್ನ ಮಾಮಾನ್‌ಳನ್ನು ಮದುವೆಗೆ ಕೇಳಲು ಹೋದ ದಿನದ ಬಗ್ಗೆ ಪದ್ಯ ಕಟ್ಟಿದ್ದೆನಲ್ಲ:

ಮೂಗು ಮುಂಚೆ ಒಳಗೆ ಹೋಯ್ತು, ನಾನು ಹೊಕ್ಕೆ ತಡವಾಗಿ;
ಮೂಗಿಗಾಗಲೇ ಚಹಾ ಕೊಟ್ಟಿದ್ದರು, ನಾನು ಕುಳಿತೆ ಬಡವಾಗಿ.

ನಗದಿದ್ದರೆ ಪರವಾಗಿಲ್ಲ. ನಮ್ಮ ಮಿಠಾಯಿ ಅಂಗಡಿಗೆ ಹೊಸ ಸಿಹಿಡಬ್ಬಿಗಳು ಬಂದಿವೆ. ಅವುಗಳ ಮುಚ್ಚಳದ ಮೇಲೆ ನಾನು ಕಟ್ಟಿದ "ಯಜ್ದಿನ ಕೊತ್ತಾಬು ಬಾಯಲ್ಲಿ ಕರಗೀತು, ಹೆಜ್ಜೆಯ ತಡೆದು ಹಿಂದಕ್ಕೆ ಕರೆದೀತು" ಎಂದು ಅಚ್ಚಾಗಿದೆ. ಜನ ಓದುವುದಿಲ್ಲ, ತಿನ್ನುತ್ತಾರೆ.

ಈಗ ಪ್ರಾಸವಿಲ್ಲದ ಮಾತು. ಮೂಗು ನಿನ್ನದು. ಅದರ ಕೊಡುಗೆ ನನ್ನ ಕಡೆಯಿಂದ, ನಿಜ, ಆದರೆ ಕೊಟ್ಟ ಮೇಲೆ ವಾಪಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೊಯ್ಯಿಸು, ಕುಗ್ಗಿಸು, ಅಡ್ಡಿಯಿಲ್ಲ. ಆದರೆ ಆ ಡಾಕ್ಟರಿಗೆ ಹೇಳು. ನನಗೆ ಅಂಡವಾಯುವಿನ ಆಪರೇಷನ್ ಆದಾಗ ಏನಾಯಿತೆಂದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಮೂರು ವರ್ಷದವಳು. ಹೊಲಿಗೆ ಒದ್ದೆ ಕಾಗದಕ್ಕೆ ಹಾಕಿದಂತೆ ಬಿಟ್ಟುಕೊಂಡಿತು. ಹಲ್ಲು ಕೀಳಿಸಲು ಹೋದರೆ ಮರಗಟ್ಟಿಸುವ ಸೂಜಿ ನನ್ನ ಮೇಲೆ ಕೆಲಸ ಮಾಡಲಿಲ್ಲ. ಹಲ್ಲಿನ ಡಾಕ್ಟರು ನಾನು ನಾಟಕ ಮಾಡುತ್ತಿದ್ದೇನೆಂದು ಬೈದರು. ಆಗ ಇದಕ್ಕೊಂದು ಹೆಸರಿದೆಯೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮದುವೆಮನೆಗಳಲ್ಲಿ ಹೆಬ್ಬೆರಳನ್ನು ಮಣಿಕಟ್ಟಿಗೆ ಮುಟ್ಟಿಸಿ ಮಕ್ಕಳನ್ನು ನಗಿಸುವ ಗಂಡಸು ಅಂತಷ್ಟೇ ನನ್ನನ್ನು ಎಲ್ಲರೂ ಬಲ್ಲರು.

ನಿನ್ನ ದವಡೆ ಆಕಳಿಸಿದರೆ ಜಾರುತ್ತದೆ. ಅರಿವಳಿಕೆ ಕೊಡುವವರು ಅದನ್ನು ಎಳೆದು ತೆರೆಯುತ್ತಾರೆ, ನಿನ್ನ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಅವರಿಗೆ ಗೊತ್ತಿರಬೇಡವೇ?

ನಿನ್ನ ಬಾಬಾ,
ಕೆರಾಮತ್

ಮಾಮಾನ್ ಪಕ್ಕದಲ್ಲಿ ಕೂತು ಬರೆಸಿದ್ದು: ನಿನ್ನಪ್ಪನ ಮಾತು ಕೇಳ್ಬೇಡ. ಕಾಯಿಲೆ ಅನ್ನೋ ಮಾತು ಒಂದು ಸಲ ಬಾಯಿಂದ ಬಿದ್ರೆ ನಿನ್ನನ್ನ ಕೇಳ್ಕೊಂಡು ಬರೋರು ಹೊಸಿಲು ದಾಟಲ್ಲ. ಡಾಕ್ಟರಿಗೂ ಹೆಂಡ್ತಿ ಇರ್ತಾಳೆ, ಹೆಂಡ್ತಿಗೂ ಬಾಯಿ ಇರತ್ತೆ. ನಾನು ದಿನಾ ಎಸ್ಫಂದ್ ಬೀಜದ ಹೊಗೆ ಹಾಕ್ತಿದ್ದೀನಿ, ದೃಷ್ಟಿ ತಾಕಲ್ಲ. ಊಟ ಮಾಡು.


ತೆಹ್ರಾನ್
ಮೆಹರ್ ೨೯

ಬಾಬಾ,

ಹೇಳಿದರೆ ಇವರೂ ಪೆನ್ನಿಗೆ ಮುಚ್ಚಳ ಹಾಕುತ್ತಾರೆ. ಆಮೇಲೆ ಮೂರನೆಯವರು, ನಾಲ್ಕನೆಯವರು. ಈ ಊರಿನಲ್ಲಿ ಮೂಗಿನ ಮೇಲೆ ಬಿಳಿ ಪಟ್ಟಿ ಹಚ್ಚಿಕೊಂಡ ಹುಡುಗಿಯರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮಾಡಿಸದೆಯೇ ಪಟ್ಟಿ ಹಚ್ಚಿಕೊಂಡು ತಿರುಗುವವರೂ ಇದ್ದಾರಂತೆ. ನನಗೆ ಮಾತ್ರ ಬಾಗಿಲು ಮುಚ್ಚಬೇಕೇ?

ನನ್ನ ಭುಜ ತನಗೆ ಬೇಕಾದಾಗ ಜಾರುತ್ತದೆ. ಮೊಣಕಾಲು ತನಗೆ ಬೇಕಾದಾಗ ಮಡಿಯುತ್ತದೆ. ಮೇಜಿಗೆ ತಗಲಿದರೂ ಸಾಕು, ಬದನೆಕಾಯಿಯಂತೆ ಕಪ್ಪು ನೀಲಿ. ಈ ಮೈಯಲ್ಲಿ ನಾನು ಕೇಳಿ ಆದದ್ದು ಒಂದಾದರೂ ಇದೆಯೇ? ಇದೊಂದನ್ನು ನಾನು ಕೇಳುತ್ತಿದ್ದೇನೆ.

ನಾನು ಹೇಳುವುದಿಲ್ಲ. ನೀವೂ ಹೇಳಕೂಡದು. ಪ್ರಾಸ ಹಾಕಿಯೂ ಬರೆಯಬೇಡಿ, ನಗು ಬಂದರೆ ಸಿಟ್ಟು ನಿಲ್ಲುವುದಿಲ್ಲ.

ಫರಂಗೀಸ್


ಯಜ್ದ್
ಆಬಾನ್ ೮

ಫರಿ ಜಾನ್,

ನಿನ್ನ ಕಾಗದ ಬಂದ ಮೇಲೆ ಡಾಕ್ಟರ್ ವಸೂಕ್ ಅವರ ಚಿಕಿತ್ಸಾಲಯದ ನಂಬರು ಹುಡುಕಿದೆ. ಸಿಕ್ಕಿತು. ನಿನ್ನೆ ಅಂಗಡಿಯಿಂದ ಫೋನು ಮಾಡಿದೆ. ಒಬ್ಬ ಹುಡುಗಿ ಎತ್ತಿ "ಹೇಳಿ" ಎಂದಳು. ನಾನು ಅವಳ ಆರೋಗ್ಯ ಕೇಳಿದೆ, ಅವಳು ನನ್ನದು ಕೇಳಿದಳು, ನಾನು ಅವಳ ಮನೆಯವರದು ಕೇಳಿದೆ. ಆಮೇಲೆ ಇಟ್ಟುಬಿಟ್ಟೆ.

ನಿನ್ನ ಮೈ, ನಿನ್ನ ನಾಲಿಗೆ. ನಿನ್ನ ಪರವಾಗಿ ನಾನು ಮಾತಾಡಿದರೆ ಅದೂ ನೀನು ಕೇಳದೆ ಆದದ್ದರ ಸಾಲಿಗೆ ಸೇರುತ್ತದೆ.

ಹೆದರಿಕೆ ಆಗುತ್ತಿದೆ. ಇಷ್ಟೇ.

ಬಾಬಾ


ತೆಹ್ರಾನ್
ಆಬಾನ್ ೧೯

ಪ್ರೀತಿಯ ಬಾಬಾ,

ನನ್ನ ಮೂಗು ಇದ್ದಲ್ಲೇ ಇದೆ. ನಾನೂ ಇದ್ದೇನೆ. ನಿನ್ನೆ ನಾಲ್ಕು ಸಲ ಫೋನು ಮಾಡಿದಿರಂತೆ. ನಾನು ಅಳುತ್ತಿದ್ದುದರಿಂದ ಅತ್ತೆ "ಸ್ನಾನಕ್ಕೆ ಹೋಗಿದ್ದಾಳೆ" ಎಂದು ನಾಲ್ಕು ಸಲವೂ ಹೇಳಿದರಂತೆ. ನಾಲ್ಕು ಸ್ನಾನ ಮಾಡಿದ ಹುಡುಗಿಯ ಕಾಗದ ಇದು, ನೆಮ್ಮದಿಯಿಂದ ಓದಿ.

ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ಮಂಚ ತಳ್ಳುವವರು ಮಶ್ ಗೊರ್ಬಾನ್ ಎಂಬ ಮೀಸೆಯ ಮನುಷ್ಯ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದ ಮುಂಗಾಲು ಹೊಸಿಲು ಮುಟ್ಟಿತು. ಆಗ ಮಶ್ ಗೊರ್ಬಾನ್ ಸೀನಿದರು.

ಒಂದೇ ಸೀನು.

ಮಂಚ ನಿಂತಿತು. ಒಳಗಿದ್ದ ನರ್ಸು ಕೈಲಿದ್ದದ್ದನ್ನು ಕೆಳಗಿಟ್ಟಳು. "ತಾಳ್ಮೆ ಬಂತು, ಸ್ವಲ್ಪ ತಾಳ್ಬೇಕು" ಎಂದರು ಮಶ್ ಗೊರ್ಬಾನ್, ತಪ್ಪು ಮಾಡಿದವರಂತೆ. ಬಾಬಾ, ನಿಮ್ಮಮ್ಮ ಬದುಕಿದ್ದಾಗ ಒಂದು ಸೀನಿಗೆ ಹೆದರಿ ಮಶ್ಹದ್ ಯಾತ್ರೆಯ ಬಸ್ಸನ್ನೇ ಬಿಟ್ಟಿರಲಿಲ್ಲವೇ? ಹಿಡಿದ ಕೆಲಸ ಮುಂದೆ ಹೋಗಬೇಕಾದರೆ ಎರಡನೆಯ ಸೀನು ಬರಬೇಕು, ಇಲ್ಲವೇ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಜರ್ಮನಿಯಲ್ಲಿ ಓದಿಬಂದ ಡಾಕ್ಟರ್ ವಸೂಕ್ ತೊಳೆದ ಕೈಗಳನ್ನು ಮೇಲೆತ್ತಿಕೊಂಡು ಹೊರಗೆ ಬಂದರು. ಇದನ್ನೆಲ್ಲ ನಂಬುವವರಲ್ಲ ಅಂದುಕೊಂಡೆ. "ಇನ್ನೊಂದು ಸೀನಪ್ಪಾ ಗೊರ್ಬಾನ್, ಮಧ್ಯಾಹ್ನ ಇನ್ನೂ ಎರಡು ಮೂಗಿವೆ" ಎಂದರು.

"ಬರ್ತಾ ಇಲ್ಲ ಡಾಕ್ಟರ್."

"ದೀಪ ನೋಡು, ಬರತ್ತೆ."

ಮಶ್ ಗೊರ್ಬಾನ್ ದೀಪ ನೋಡಿದರು. ನರ್ಸು ದೀಪ ನೋಡಿದಳು. ಮಲಗಿದ್ದ ನನಗೆ ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಲ್ಲರೂ ಒಬ್ಬ ಮನುಷ್ಯನ ಮೂಗಿಗೆ ಕಾದು ನಿಂತೆವು, ನನ್ನದನ್ನು ಬಿಟ್ಟು.

ಹೊತ್ತು ಹೋಗಲೆಂದು ಅರಿವಳಿಕೆ ಕೊಡುವ ಡಾಕ್ಟರಮ್ಮ ನನ್ನ ತಲೆಯ ಹತ್ತಿರ ಬಂದು, "ಬಾಯಿ ತೆಗಿ ಕಂದಾ, ಎಷ್ಟು ಅಗಲ ಆಗತ್ತೆ ನೋಡೋಣ" ಎಂದರು. ತೆರೆದೆ. ದವಡೆ ಎಂದಿನಂತೆ ಜಾರಿ ವಾಪಸು ಕೂತಿತು. ಅದು ನನಗೆ ಮಾತ್ರ ಕೇಳಿಸುವ ಸದ್ದು. ಅವರು "ಚೆನ್ನಾಗಿ ತೆರೆಯುತ್ತೆ" ಎಂದು ಸಂತೋಷಪಟ್ಟರು.

ಆಗ ನಿಮ್ಮ ನೆನಪಾಯಿತು. ಫೋನು ಹಿಡಿದು ಅಷ್ಟೊಂದು ಆರೋಗ್ಯ ವಿಚಾರಿಸಿ, ಹೇಳಬೇಕಾದ ಒಂದನ್ನು ನನಗೇ ಬಿಟ್ಟು ಇಟ್ಟುಬಿಟ್ಟದ್ದು. ನೀವೇ ಹೇಳಿಬಿಟ್ಟಿದ್ದರೆ ನಾನು ಇವತ್ತಿಗೂ ನಿಮ್ಮ ಮೇಲೆ ಹಲ್ಲು ಕಡಿಯುತ್ತಿದ್ದೆ.

"ಡಾಕ್ಟರ್, ನನಗೆ ಒಂದು ಕಾಯಿಲೆ ಇದೆ" ಅಂದೆ. ಹೆಸರು ಹೇಳಿದೆ. ಭುಜ, ದವಡೆ, ನಿಮ್ಮ ಹೊಲಿಗೆ, ನಿಮ್ಮ ಹಲ್ಲು, ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ನನ್ನ ಗಲ್ಲದಿಂದ ಕೈ ತೆಗೆದರು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

ಡಾಕ್ಟರ್ ವಸೂಕ್ ಮೇಲೆತ್ತಿದ್ದ ಕೈಗಳನ್ನು ಕೆಳಗಿಳಿಸಿದರು. ಆಮೇಲೆ, "ಅವತ್ತು ನಾನು ಕೇಳಿದಾಗ ಏನಂದ್ರಿ?"

"ನಿಮ್ಮ ನೆರಳಿನಲ್ಲಿ ಚೆನ್ನಾಗಿದ್ದೀನಿ ಅಂದೆ."

"ನನ್ನ ನೆರಳು ಅಷ್ಟು ದೊಡ್ಡದಲ್ಲ ಖಾನಂ." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನೂ ಅದನ್ನೇ ಬರ್ಕೊಂಡೆನಲ್ಲ, ನನಗೂ ಬುದ್ಧಿ ಬೇಕು. ಗೊರ್ಬಾನ್, ಮಂಚ ತಿರುಗಿಸು. ಇವತ್ತು ಆಗಲ್ಲ."

ನಾನು ಅಳಲು ಶುರುಮಾಡಿದೆ. "ಅಂದ್ರೆ ಯಾವತ್ತೂ ಆಗಲ್ವಾ?"

"ನಾನು ಇವತ್ತು ಅಂದೆ. ಯಾವತ್ತೂ ಅನ್ನೋದನ್ನ ನೀವು ಸೇರಿಸ್ಕೊಂಡ್ರಿ."

ಮಂಚ ತಿರುಗಿ ಕಾರಿಡಾರಿನ ಅರ್ಧಕ್ಕೆ ಬಂದಿತ್ತು. ಆಗ ಮಶ್ ಗೊರ್ಬಾನ್‌ಗೆ ಎರಡನೆಯ ಸೀನು ಬಂತು. ಒಳಗಿಂದ ಡಾಕ್ಟರ್ ಕೂಗಿದರು, "ಈಗ ಯಾತಕ್ಕಪ್ಪಾ!"

ಕೀಲಿನ ಡಾಕ್ಟರರ ವರದಿ ಬೇಕಂತೆ, ಹೃದಯದ ಪರೀಕ್ಷೆ ಆಗಬೇಕಂತೆ. ರಂಜಾನ್ ಮುಗಿಯಲಿ, ಉಪವಾಸದ ಮೈ ಬೇಡ ಎಂದರು. ಆಮೇಲೆ ಮಾಡುತ್ತಾರಂತೆ, ಆದರೆ ನಾನು ಕೇಳಿದ ಮೂಗನ್ನಲ್ಲ. "ನೀವು ತೋರಿಸಿದ ಚಿತ್ರದ ಮೂಗು ನಿಮ್ಮ ಚರ್ಮದಲ್ಲಿ ಎರಡು ವರ್ಷದಲ್ಲಿ ಕುಸಿಯತ್ತೆ. ಕಡಿಮೆ ತೆಗೀತೀನಿ, ಒಳಗಡೆ ಆಸರೆ ಕೊಡ್ತೀನಿ. ನಿಲ್ಲೋ ಮೂಗು ಬೇಕಾ, ಚಿತ್ರ ಬೇಕಾ?"

ನಿಲ್ಲುವ ಮೂಗು ಅಂದೆ.

ನಿಮ್ಮ ಫರಿ


ಯಜ್ದ್
ಆಬಾನ್ ೨೬

ಫರಿ ಜಾನ್,

ಸೀನಿದವನ ಮೂಗಿಗಿರಲಿ ನೂರು ವರುಷ ಆಯಸ್ಸು;
ತಾನು ನಿಂತು ತಡೆದನಲ್ಲ, ತಂಪಾಯ್ತು ನನ್ನ ಮನಸ್ಸು.

ಇದನ್ನು ದೊಡ್ಡಕ್ಷರದಲ್ಲಿ ಬರೆದು ಒಂದು ಡಬ್ಬಿ ಕೊತ್ತಾಬಿನ ಮೇಲೆ ಅಂಟಿಸಿ ಮಶ್ ಗೊರ್ಬಾನ್‌ಗೆ ಕಳಿಸಿದ್ದೇನೆ. ಇನ್ನೊಂದು ಡಬ್ಬಿ ಡಾಕ್ಟರಿಗೆ. ಅದರ ಮೇಲೆ ಪ್ರಾಸವಿಲ್ಲ, ಓದಿದವರ ಮುಂದೆ ನನಗೆ ಸಂಕೋಚ.

ನಿನ್ನ ಕಾಗದವನ್ನು ಮಾಮಾನ್‌ಗೆ ಓದಿ ಹೇಳಿದೆ. ದವಡೆಯ ಹತ್ತಿರ ಬಂದಾಗ "ನಿಲ್ಸಿ" ಎಂದು ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಬಹಳ ಹೊತ್ತು ಸೌಟಿನ ಸದ್ದು ಬರುತ್ತಿತ್ತು.

ಬಾಬಾ

ಮಾಮಾನ್ ಹೇಳಿದ್ದು: ಎಲ್ಲಾರಿಗೂ ಹೇಳು. ಹೃದಯದ ಡಾಕ್ಟರಿಗೂ ಹೇಳು, ನರ್ಸಿಗೂ ಹೇಳು, ಗುಡಿಸೋಳಿಗೂ ಹೇಳು. ಹೊಸಿಲು ದಾಟದೇ ಇರೋರು ಆಚೇನೇ ನಿಂತ್ಕೊಳ್ಳಲಿ, ಚಳಿ ಇದೆ. ನೀನು ಅಷ್ಟು ಬುದ್ಧಿವಂತೆ, ನನ್ನ ಮಾತು ಯಾಕೆ ಕೇಳ್ದೆ?


ತೆಹ್ರಾನ್
ದೇ ೨೭

ಕೆರಾಮತ್ ಅಣ್ಣಾ,

ನಾನು ಬತೂಲ್. ಫರಿ ಮಲಗಿದ್ದಾಳೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದ್ದೇ ಇದು, ಆದರೆ ಇಫ್ಫತ್ ಅತ್ತಿಗೆ ನನ್ನ ಮಾತು ನಂಬುವುದಿಲ್ಲವಂತೆ, ಬರಹದಲ್ಲಿ ಬೇಕಂತೆ. ತೆಗೆದುಕೊಳ್ಳಿ.

ಆಪರೇಷನ್ ಮುಗಿಯಿತು. ಹುಡುಗಿ ಎಚ್ಚರವಾದಳು. ಕುತ್ತಿಗೆಗೆ ಎರಡೂ ಕಡೆ ಮರಳಿನ ದಿಂಬು ಇಟ್ಟು, ದವಡೆಯನ್ನು ಹೂವಿನ ಹಾಗೆ ಹಿಡಿದಿದ್ದರಂತೆ ಆ ಡಾಕ್ಟರಮ್ಮ. ಸಂಜೆ ಒಮ್ಮೆ ರಕ್ತ ಬಂತು. ಡಾಕ್ಟರ್ ಅಲ್ಲೇ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು, ಹೀಗಾಗುತ್ತದೆಂದು ಮನೆಗೇ ಹೋಗಿರಲಿಲ್ಲ. ಬಂದು ಹತ್ತಿ ಬದಲಿಸಿದರು, ನಿಂತಿತು. "ಗೊತ್ತಿದ್ದದ್ದಕ್ಕೆ ಕೂತಿದ್ದೆ" ಎಂದಷ್ಟೇ ಹೇಳಿದರು. ಗೊತ್ತಿರದಿದ್ದರೆ ಎಂದು ನಾನು ಕೇಳಲಿಲ್ಲ.

ಮುಖ ಕಣ್ಣಿಂದ ಕತ್ತಿನವರೆಗೆ ಕಪ್ಪು ನೀಲಿ. ಬೇರೆ ಹುಡುಗಿಯರಿಗೆ ಇದರ ಕಾಲು ಭಾಗವೂ ಇರುವುದಿಲ್ಲ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು, ಆದ್ದರಿಂದ ನಾನು ಸ್ವಲ್ಪ ಮಾತ್ರ ಹೆದರಿದೆ. ಮನೆಗೆ ಕರೆತಂದ ಮೇಲೆ ಮೂರನೇ ಮಹಡಿಯವರು ಬಂದು ನೋಡಿ ಹೋದರು. ನಾನು ಕರೆದಿರಲಿಲ್ಲ. ಒಬ್ಬರನ್ನು ಕರೆದಿದ್ದೆ.

ಅತ್ತಿಗೆ ಬರುವುದಾದರೆ ಬರಲಿ, ಆದರೆ ಹೊಗೆ ಹಾಕುವ ಎಸ್ಫಂದ್ ತರಬಾರದು. ಈ ಹುಡುಗಿ ಈಗ ಸೀನಕೂಡದು.

ನಿನ್ನ ತಂಗಿ,
ಬತೂಲ್


ಯಜ್ದ್
ಬಹ್ಮನ್ ೨

ಫರಿ ಜಾನ್,

ನಿನ್ನ ಮಾಮಾನ್‌ಳನ್ನು ಬಸ್ಸು ಹತ್ತಿಸಿ ಬಂದು ಬರೆಯುತ್ತಿದ್ದೇನೆ. ಅವಳ ಚೀಲದಲ್ಲಿ ದಾಳಿಂಬೆ, ಕುರಿಯ ಮೂಳೆ, ನನ್ನ ಉಣ್ಣೆಯ ಕಾಲುಚೀಲ ಇವೆ. ಎಸ್ಫಂದ್ ಇಲ್ಲವೆಂದು ಆಣೆ ಮಾಡಿದ್ದಾಳೆ. ನೀನು ಕಾಲುಚೀಲದೊಳಗೆ ನೋಡು.

ಬಹಳ ದಿನಗಳಿಂದ ಇಂಥ ನಿದ್ದೆ ಮಾಡಿರಲಿಲ್ಲ. ಅಂಗಡಿ ತಡವಾಗಿ ತೆರೆದೆ. ಕಾದಿದ್ದ ಗಿರಾಕಿ ಏನಾಯಿತೆಂದು ಕೇಳಿದ. ಏನೂ ಆಗಲಿಲ್ಲ ಎಂದೆ. ಅಷ್ಟು ಸಂತೋಷದಿಂದ ಯಾರೂ ಅವನಿಗೆ ಆ ಮಾತು ಹೇಳಿರಲಿಕ್ಕಿಲ್ಲ.

ಬಾಬಾ


ತೆಹ್ರಾನ್
ಎಸ್ಫಂದ್ ತಿಂಗಳು ೧೨

ಪ್ರೀತಿಯ ಬಾಬಾ,

ಮಾಮಾನ್ ಊರಿಗೆ ವಾಪಸು ಬಂದು ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ಕಳೆದು ನಂಬಿ. ಮೊದಲ ದಿನ ನನ್ನನ್ನು ನೋಡಿದವಳು "ಯಾರು ಹೊಡೆದ್ರು?" ಎಂದು ಕೂತುಬಿಟ್ಟಳು. ಪ್ಲಾಸ್ಟರ್ ಬಿಚ್ಚುವಾಗ ಡಾಕ್ಟರರ ಭುಜದ ಮೇಲಿಂದ ಬಗ್ಗಿ ನೋಡಿ, "ಇಷ್ಟಕ್ಕೇನಾ? ಇದು ಕೆರಾಮತ್ ಮೂಗೇ, ಸ್ವಲ್ಪ ನಾಚ್ಕೊಂಡಿದೆ ಅಷ್ಟೆ" ಎಂದಳು. ಡಾಕ್ಟರ್ ವಸೂಕ್ ಜೀವನದಲ್ಲಿ ಮೊದಲ ಸಲ ಜೋರಾಗಿ ನಕ್ಕರೆಂದು ನರ್ಸು ಹೇಳಿದಳು.

ಮಾಮಾನ್ ಹೇಳಿದ್ದು ಸರಿಯೇ. ಮೂಗಿನ ಮೇಲಿನ ಉಬ್ಬು ಪೂರ್ತಿ ಹೋಗಿಲ್ಲ. ಬೆರಳಿಟ್ಟರೆ ತಿಳಿಯುತ್ತದೆ. ಅಲ್ಲಿಂದ ಇನ್ನೊಂದಿಷ್ಟು ತೆಗೆದಿದ್ದರೆ ನಿಲ್ಲುತ್ತಿರಲಿಲ್ಲವಂತೆ. ತುದಿ ಕೆಳಗೆ ಬಾಗಿದ್ದದ್ದು ಈಗ ನೇರವಾಗಿದೆ. ಹೊಲಿಗೆಯ ಗುರುತು ಬೇರೆಯವರಿಗಿಂತ ಅಗಲ, ಕೆಳಗಿನಿಂದ ನೋಡಿದರೆ ಮಾತ್ರ ಕಾಣುತ್ತದೆ. ನನ್ನನ್ನು ಕೆಳಗಿನಿಂದ ನೋಡುವವರು ಹಲ್ಲಿನ ಡಾಕ್ಟರು ಮಾತ್ರ. ಉಳಿದ ಹುಡುಗಿಯರ ಪಟ್ಟಿ ಎಂದೋ ಹೋಯಿತು, ನನ್ನದು ಈ ವಾರದವರೆಗೂ ಇತ್ತು. ಅಂಗಡಿಗೆ ಬಂದ ಪ್ರತಿಯೊಬ್ಬರೂ "ಯಾರ ಹತ್ರ ಮಾಡಿಸಿದ್ರಿ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ, ಯಾರ ಹತ್ತಿರ ಎಂದೂ, ನನಗಿರುವ ಕಾಯಿಲೆ ಏನೆಂದೂ. ಇಲ್ಲಿಯವರೆಗೆ ಯಾರೂ ಓಡಿಹೋಗಿಲ್ಲ. ಒಬ್ಬಳು ಎರಡು ಕನ್ನಡಕ ಕೊಂಡಳು.

ಇವತ್ತು ಪಟ್ಟಿ ತೆಗೆದರು. ಡಾಕ್ಟರ್ ಎರಡು ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ, "ನಿಂತಿದೆ" ಎಂದರು. ಅಷ್ಟೇ ಹೇಳಿದರು. ನನಗೆ ಕನ್ನಡಿ ಕೊಟ್ಟರು. ನೋಡಿದೆ. ಪರಿಚಯದವಳೇ. ಬಹಳ ದಿನ ಜ್ವರದಲ್ಲಿದ್ದು ಎದ್ದವಳ ಹಾಗಿದ್ದಳು.

ಹೊರಗೆ ಬಿಸಿಲಿತ್ತು. ಬಸ್ಸು ಹತ್ತಿದೆ. ಹಿಂದೆ ಹೆಂಗಸರ ಕಡೆ ಎಂದಿನ ನೂಕುನುಗ್ಗಲು, ಹೊಸ ವರ್ಷದ ಸಾಮಾನು, ಒಬ್ಬಳ ತೊಡೆಯ ಮೇಲೆ ಬಟ್ಟಲಿನಲ್ಲಿ ಹಬ್ಬದ ಬಂಗಾರ ಬಣ್ಣದ ಮೀನು. ಎದುರಿನ ಸೀಟಿನ ಅಜ್ಜಿ ನನ್ನ ಮುಖ ನೋಡಿ, ಆಚೆ ನೋಡಿ, ಮೀನು ನೋಡಿದಳು. ಇಬ್ಬರು ಕಾಲೇಜು ಹುಡುಗಿಯರು ನನ್ನನ್ನು ನೋಡಿ, ತಮ್ಮ ಮಾತನ್ನು ನಿಲ್ಲಿಸದೆ ಮುಂದುವರಿಸಿದರು. ಅಷ್ಟು ಜನರಲ್ಲಿ ಒಬ್ಬರ ಕಣ್ಣೂ ನನ್ನ ಮೂಗಿನ ಮೇಲೆ ನಿಲ್ಲಲಿಲ್ಲ, ಬಾಬಾ. ಅದೊಂದು ಮೂಗು, ಎಲ್ಲರಿಗೂ ಇರುವ ಹಾಗೆ. ಅದು ಎಷ್ಟು ಹಾಯಾಗಿತ್ತೆಂದರೆ, ನನ್ನ ನಿಲ್ದಾಣ ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೆ ಹಾಗೇ ಕೂತಿದ್ದೆ.

ನಿಮ್ಮ,
ಫರಿ